ವಾಹನ ಪ್ರಶ್ನೋತ್ತರ: ಕ್ಲಚ್ ಆಯಿಲ್ ಎಲ್ಲಿಗೆ ಹೋಗುತ್ತಿದೆ?

ಮಳೆಗಾಲ ಮುಗಿಯುವ ಹೊತ್ತಿಗೆ ಬಂದ ಪತ್ರಗಳಲ್ಲಿ ಹಳೆಯ ಕಾರುಗಳ ಹೈಡ್ರಾಲಿಕ್ (ದ್ರವದ ಒತ್ತಡದಿಂದ ಕೆಲಸ ಮಾಡುವ) ಕ್ಲಚ್ಚಿನ ಸೋರಿಕೆಯ ಬಗ್ಗೆ ಕೇಳಿದವೇ ಹೆಚ್ಚಾಗಿದ್ದುದರಿಂದ, ಈ ಸಂಚಿಕೆಯ ಪುಟಗಳನ್ನು ಪೂರ್ತಿಯಾಗಿ ಅದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಬಳಿ 2003ನೇ ಇಸವಿಯ ಟೊಯೊಟಾ ಕ್ವಾಲಿಸ್ ಇದೆ. ಜೂನ್ ತಿಂಗಳಿನಿಂದ ಕ್ಲಚ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಇಳಿಯುತ್ತಿದ್ದು, ಹತ್ತು ದಿನಕ್ಕೊಮ್ಮೆ ತುಂಬಿಸುತ್ತಿದ್ದೇನೆ. ಬೆಳಿಗ್ಗೆ ರಿವರ್ಸ್ ಗೇರ್ ಹಾಕುವಾಗ ಕರಕರ ಸದ್ದು ಬರುತ್ತದೆ. ಪೆಡಲನ್ನು ಎರಡು ಮೂರು ಸಲ ತುಳಿದರೆ ಸರಿಯಾಗುತ್ತದೆ. ಅಂಗಳದಲ್ಲಿ ಮಾತ್ರ ಒಂದು ಹನಿಯೂ ಕಾಣುವುದಿಲ್ಲ. ಒಂದು ಗ್ಯಾರೇಜಿನವರು ಕ್ಲಚ್ ಪ್ಲೇಟ್ ಸೆಟ್ ಬದಲಿಸಬೇಕು ಎನ್ನುತ್ತಾರೆ, ಇನ್ನೊಂದು ಕಡೆ ಮಾಸ್ಟರ್ ಸಿಲಿಂಡರ್ ಎನ್ನುತ್ತಾರೆ. ಯಾರ ಮಾತು ಕೇಳಲಿ?
— ನಿವೃತ್ತ ಶಿಕ್ಷಕರು, ಕುಂದಾಪುರ

ಉತ್ತರ: ಸೋರುತ್ತಿರುವ ಜಾಗವನ್ನು ಕಣ್ಣಾರೆ ಕಾಣುವವರೆಗೆ ಇಬ್ಬರ ಮಾತನ್ನೂ ಕೇಳಬೇಡಿ, ಒಂದು ಭಾಗವನ್ನೂ ಕೊಳ್ಳಬೇಡಿ. ಆದರೆ ಪ್ಲೇಟ್ ಬದಲಿಸಬೇಕೆಂಬ ಸಲಹೆಯನ್ನು ನೀವು ಬರೆದ ಲಕ್ಷಣಗಳ ಆಧಾರದ ಮೇಲೆಯೇ ಪಕ್ಕಕ್ಕಿಡಬಹುದು. ಪ್ಲೇಟ್ ಸವೆದರೆ ಕ್ಲಚ್ ಜಾರುತ್ತದೆ, ಅಂದರೆ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ನಿನ ಸದ್ದು ಏರುತ್ತದೆಯೇ ಹೊರತು ಗಾಡಿಯ ವೇಗ ಏರುವುದಿಲ್ಲ. ನಿಮ್ಮ ಗಾಡಿಯಲ್ಲಿ ಆಗುತ್ತಿರುವುದು ಅದರ ವಿರುದ್ಧ: ಪೆಡಲ್ ತುಳಿದರೂ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಹಾಗಾಗಿ ತಿರುಗುತ್ತಿರುವ ಗೇರಿಗೆ ನಿಂತ ಗೇರನ್ನು ಸೇರಿಸಲು ಹೋದಂತಾಗಿ ಕರಕರ ಎನ್ನುತ್ತದೆ. ಮುಂದಕ್ಕೆ ಹೋಗುವ ಗೇರುಗಳಿಗಿರುವ, ಎರಡು ಗೇರುಗಳ ವೇಗವನ್ನು ಹೊಂದಿಸುವ ಸಿಂಕ್ರೊ ಉಂಗುರದ ನೆರವು ಸಾಮಾನ್ಯವಾಗಿ ರಿವರ್ಸಿಗೆ ಇರುವುದಿಲ್ಲವಾದ್ದರಿಂದ, ಕ್ಲಚ್ಚಿನ ಇಂಥ ದೋಷ ಮೊದಲು ಅಲ್ಲಿಯೇ ಗೊತ್ತಾಗುತ್ತದೆ.

ಈ ವ್ಯವಸ್ಥೆಯಲ್ಲಿ ಹೆಚ್ಚು ಭಾಗಗಳಿಲ್ಲ. ಪೆಡಲಿಗೆ ಜೋಡಿಸಿದ ಒಂದು ಕಡ್ಡಿಯು ಇಂಜಿನ್ ಕೋಣೆಯ ಗೋಡೆಯ ಮೇಲಿರುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುತ್ತದೆ. ಅಲ್ಲಿಂದ ಒತ್ತಡವು ಉಕ್ಕಿನ ಪೈಪು ಮತ್ತು ಗಿಡ್ಡನೆಯ ರಬ್ಬರ್ ಹೋಸಿನ ಮೂಲಕ ಬೆಲ್ ಹೌಸಿಂಗಿನ (ಇಂಜಿನ್ ಮತ್ತು ಗೇರ್ ಬಾಕ್ಸಿನ ನಡುವೆ ಕ್ಲಚ್ಚನ್ನು ಮುಚ್ಚಿರುವ ಕವಚ) ಪಕ್ಕಕ್ಕೆ ಬಿಗಿದಿರುವ ಸ್ಲೇವ್ ಸಿಲಿಂಡರನ್ನು ಸೇರುತ್ತದೆ. ಸ್ಲೇವಿನ ಪಿಸ್ಟನ್ ಫೋರ್ಕನ್ನು ತಳ್ಳುತ್ತದೆ, ಫೋರ್ಕು ರಿಲೀಸ್ ಬೇರಿಂಗನ್ನು ತಳ್ಳುತ್ತದೆ, ಕ್ಲಚ್ ಪ್ಲೇಟನ್ನು ಒತ್ತಿ ಹಿಡಿದಿರುವ ಪ್ರೆಶರ್ ಪ್ಲೇಟಿನ ಹಿಡಿತ ಸಡಿಲವಾಗುತ್ತದೆ. ಮೇಲೊಂದು ಕೆಳಗೊಂದು ಸಿಲಿಂಡರ್, ನಡುವೆ ಪೈಪು ಮತ್ತು ಹೋಸು, ತುದಿಯಲ್ಲಿ ಡಬ್ಬಿ: ನೀವು ಹುಡುಕಬೇಕಾದ ಜಾಗಗಳು ಇಷ್ಟೇ.

ಈ ದ್ರವವು ಇಂಜಿನ್ ಆಯಿಲಿನಂತೆ ಉರಿದು ಖರ್ಚಾಗುವುದಿಲ್ಲ. ಬ್ರೇಕಿನ ಡಬ್ಬಿಯಲ್ಲಿ ಪ್ಯಾಡ್ ಸವೆದಂತೆ ಮಟ್ಟ ನಿಧಾನವಾಗಿ ಇಳಿಯುವುದು ಸಹಜ, ಆದರೆ ತಾನಾಗಿಯೇ ಹೊಂದಿಕೊಳ್ಳುವ ಸ್ಲೇವ್ ಇರುವ ಕ್ಲಚ್ಚಿನಲ್ಲಿ ನಡೆಯುವುದು ತಿರುಗಾಮುರುಗಾ. ಪ್ಲೇಟ್ ಸವೆದಂತೆ ಪ್ರೆಶರ್ ಪ್ಲೇಟಿನ ಬೆರಳುಗಳಂಥ ಸ್ಪ್ರಿಂಗ್ ತುದಿಗಳು ಗೇರ್ ಬಾಕ್ಸಿನ ಕಡೆಗೆ ಸರಿದು, ಫೋರ್ಕಿನ ಮೂಲಕ ಸ್ಲೇವಿನ ಪಿಸ್ಟನ್ನನ್ನು ಸಿಲಿಂಡರಿನೊಳಕ್ಕೆ ಹಿಂದೂಡುತ್ತವೆ. ಅಷ್ಟು ಪ್ರಮಾಣದ ದ್ರವ ಡಬ್ಬಿಗೆ ಮರಳುತ್ತದೆ. ಹಾಗಾಗಿ ಕ್ಲಚ್ಚಿನ ಡಬ್ಬಿಯಲ್ಲಿ ಮಟ್ಟ ವರ್ಷಗಳ ಮೇಲೆ ಕೂದಲೆಳೆಯಷ್ಟು ಏರಬೇಕೇ ಹೊರತು ಇಳಿಯಬಾರದು. ಹತ್ತು ದಿನಕ್ಕೊಮ್ಮೆ ತುಂಬಿಸಬೇಕಾಗಿದೆ ಎಂದರೆ ಅದು ಖಚಿತವಾಗಿ ಹೊರಕ್ಕೆ ಹೋಗುತ್ತಿದೆ.

ಹಾಗಾದರೆ ಅಂಗಳದಲ್ಲಿ ಹನಿ ಏಕೆ ಕಾಣುತ್ತಿಲ್ಲ ಎಂಬುದು ನಿಮ್ಮ ಪತ್ರದ ಬಹು ಮುಖ್ಯ ಅಂಶ. ಇದಕ್ಕೆ ಎರಡು ಕಾರಣಗಳಿರಬಹುದು. ಒಂದು, ಕ್ಲಚ್ಚಿನ ಡಬ್ಬಿಗೆ ಹಾಕುವುದೂ ಬ್ರೇಕ್ ಆಯಿಲನ್ನೇ; ನಾವು ಆಯಿಲ್ ಎಂದು ಕರೆದರೂ ಅದು ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ಆ ದ್ರವ ನೀರಿನಲ್ಲಿ ಸಂಪೂರ್ಣವಾಗಿ ಬೆರೆಯುತ್ತದೆ. ಕುಂದಾಪುರದ ಮಳೆಗೆ ಒದ್ದೆಯಾದ ನೆಲದ ಮೇಲೆ ಅದರ ಹನಿ ಬಿದ್ದರೆ ಇಂಜಿನ್ ಆಯಿಲಿನ ಹಾಗೆ ಬಣ್ಣದ ಪೊರೆ ಕಟ್ಟದೆ, ಕಲೆ ಉಳಿಸದೆ ತೊಳೆದುಹೋಗುತ್ತದೆ. ಎರಡು, ಮಾಸ್ಟರ್ ಸಿಲಿಂಡರಿನ ಹಿಂದಿನ ರಬ್ಬರ್ ವಾಷರ್ (ಪಿಸ್ಟನ್ನಿನ ಸುತ್ತ ದ್ರವ ಸೋರದಂತೆ ತಡೆಯುವ ಸೀಲ್) ಸೋತಿದ್ದರೆ ದ್ರವ ಹೊರಗೆ ಬೀಳುವುದೇ ಇಲ್ಲ, ತಳ್ಳುವ ಕಡ್ಡಿಯ ಗುಂಟ ಜಾರಿ ಗಾಡಿಯೊಳಗೆ ಇಳಿಯುತ್ತದೆ.

ಆದ್ದರಿಂದ ಹುಡುಕಾಟವನ್ನು ಚಾಲಕನ ಕಾಲಿನ ಬಳಿಯಿಂದಲೇ ಆರಂಭಿಸಿ. ರಬ್ಬರ್ ಮ್ಯಾಟ್ ತೆಗೆದು, ಕೆಳಗಿನ ಕಾರ್ಪೆಟ್ಟನ್ನು ಮೇಲೆತ್ತಿ, ಅದರ ಅಡಿಯ ಹತ್ತಿಯಂಥ ಪದರವನ್ನು ಬೆರಳಿನಿಂದ ಹಿಸುಕಿ ನೋಡಿ. ಟಾರ್ಚ್ ಹಿಡಿದು ಪೆಡಲಿನ ತೋಳು ಮೇಲೆ ಗೋಡೆಯನ್ನು ಸೇರುವಲ್ಲಿ, ಕಡ್ಡಿಯ ಸುತ್ತ ಇರುವ ರಬ್ಬರ್ ಟೋಪಿಯ ಕೆಳತುದಿಯನ್ನು ಬಿಳಿಯ ಟಿಶ್ಯೂ ಕಾಗದದಿಂದ ಒತ್ತಿ ಒರೆಸಿ. ಸೋರಿಕೆ ಹಳೆಯದಾಗಿದ್ದರೆ ಅಲ್ಲಿನ ಬಣ್ಣ ಬೊಬ್ಬೆ ಎದ್ದು ಸಿಪ್ಪೆಯಂತೆ ಸುಲಿದಿರುತ್ತದೆ, ಏಕೆಂದರೆ ಈ ದ್ರವ ಬಣ್ಣವನ್ನು ತಿನ್ನುತ್ತದೆ. ಇದೇ ಕಾರಣಕ್ಕೆ ಬಾನೆಟ್ ತೆರೆದು ಇಂಜಿನ್ ಕಡೆಯಿಂದಲೂ ಮಾಸ್ಟರಿನ ಕೆಳಗಿನ ಗೋಡೆಯ ಬಣ್ಣವನ್ನು ನೋಡಿ.

ಕಾಗದಕ್ಕೆ ತೇವ ಅಂಟಿದರೆ ಅದು ಯಾವ ದ್ರವ ಎಂದು ಖಚಿತಪಡಿಸಿಕೊಳ್ಳಲು ಒಂದು ಸುಲಭ ಪರೀಕ್ಷೆ ಇದೆ, ನಾನು ಕೆಲಸ ಕಲಿತ ಗ್ಯಾರೇಜಿನ ಹಿರಿಯ ಮೇಸ್ತ್ರಿಗಳು ಇದನ್ನು ಮಾಡದೆ ಗೇರ್ ಬಾಕ್ಸಿಗೆ ಕೈ ಹಾಕುತ್ತಿರಲಿಲ್ಲ. ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಆ ದ್ರವದ ಎರಡು ಹನಿ ಬಿಡಿ. ಬ್ರೇಕ್ ಆಯಿಲ್ ಆಗಿದ್ದರೆ ಸಕ್ಕರೆ ಪಾಕ ನೀರಿಗೆ ಬಿದ್ದಂತೆ ಎಳೆಎಳೆಯಾಗಿ ಇಳಿದು ಕದಡಿದಾಗ ಮಾಯವಾಗುತ್ತದೆ. ಇಂಜಿನ್ ಆಯಿಲ್ ಅಥವಾ ಗೇರ್ ಆಯಿಲ್ ಆಗಿದ್ದರೆ ಮೇಲೆಯೇ ತೇಲುತ್ತದೆ; ಗೇರ್ ಆಯಿಲಿಗೆ ಗಂಧಕದ ಘಾಟು ವಾಸನೆ ಬೇರೆ ಇರುತ್ತದೆ. ಬೆಲ್ ಹೌಸಿಂಗಿನ ತಳದಲ್ಲಿ ತೇವವಿದ್ದು ಅದು ನೀರಿನ ಮೇಲೆ ತೇಲಿದರೆ, ಇಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ ಅಥವಾ ಗೇರ್ ಬಾಕ್ಸಿನ ಮುಂಬದಿಯ ಸೀಲ್ ಎಂಬ ಬೇರೆಯದೇ ದಾರಿ ಹಿಡಿಯಬೇಕಾಗುತ್ತದೆ.

ಒಳಗೆ ಒಣಗಿದ್ದರೆ ಕೆಳಕ್ಕೆ ಇಳಿಯಿರಿ. ಗಾಡಿಯನ್ನು ಜಾಕಿನ ಮೇಲೆ ಮಾತ್ರ ನಿಲ್ಲಿಸಿ ಕೆಳಗೆ ನುಸುಳಬಾರದು; ಗಟ್ಟಿಯಾದ ಸ್ಟ್ಯಾಂಡ್ ಕೊಡಬೇಕು, ಹಿಂದಿನ ಚಕ್ರಗಳಿಗೆ ಕಲ್ಲು ಇಡಬೇಕು. ಸ್ಲೇವ್ ಸಿಲಿಂಡರನ್ನೂ ಹೋಸನ್ನೂ ಸೋಪುನೀರಿನಿಂದ ತೊಳೆದು ಬಟ್ಟೆಯಿಂದ ಒರೆಸಿ ಒಣಗಿಸಿ. ಮನೆಯವರೊಬ್ಬರು ಪೆಡಲನ್ನು ನಿಧಾನವಾಗಿ ಮೂವತ್ತು ಸಲ ತುಳಿಯಲಿ. ಬಳಿಕ ಸ್ಲೇವಿನ ತುದಿಯ ರಬ್ಬರ್ ಟೋಪಿಯ ಅಂಚನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ಸ್ವಲ್ಪವೇ ಎತ್ತಿ. ಆ ಟೋಪಿ ಇರುವುದು ಧೂಳು ತಡೆಯಲು, ದ್ರವ ತಡೆಯಲು ಅಲ್ಲ. ಒಳಗಿನ ವಾಷರ್ ಸರಿಯಿದ್ದರೆ ಅಲ್ಲಿ ಒಣಗಿರಬೇಕು ಅಥವಾ ಜೋಡಿಸುವಾಗ ಹಚ್ಚಿದ ಗ್ರೀಸಿನ ಪಸೆ ಮಾತ್ರ ಇರಬೇಕು. ಅಂಚು ಎತ್ತಿದೊಡನೆ ಕಪ್ಪು ಬಣ್ಣದ ತೆಳು ದ್ರವ ಸುರಿದರೆ ಹುಡುಕಾಟ ಮುಗಿಯಿತು. ಟೋಪಿ ತುಂಬುವವರೆಗೆ ಹೊರಗೆ ಹನಿ ಕಾಣಿಸದೆ ಇರುವುದರಿಂದ ಇದನ್ನು ಎತ್ತಿ ನೋಡದೆ ಸ್ಲೇವ್ ಸರಿಯಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಎರಡೂ ಕಡೆ ಒಣಗಿದ್ದರೆ ಹೋಸಿನ ಎರಡು ತುದಿಗಳಲ್ಲಿ ಲೋಹವು ರಬ್ಬರನ್ನು ಹಿಡಿದಿರುವ ಜಾಗ ಮತ್ತು ಉಕ್ಕಿನ ಪೈಪು ಉಳಿಯುತ್ತವೆ. ಕರಾವಳಿಯ ಉಪ್ಪುಗಾಳಿಯಲ್ಲಿ ಪೈಪನ್ನು ಗಾಡಿಯ ಮೈಗೆ ಹಿಡಿದಿರುವ ಕ್ಲಿಪ್ಪಿನ ಹಿಂದೆ ತುಕ್ಕು ಸದ್ದಿಲ್ಲದೆ ಬೆಳೆಯುತ್ತದೆ, ಆದ್ದರಿಂದ ಕ್ಲಿಪ್ ಬಿಚ್ಚಿಯೇ ನೋಡಬೇಕು.

ಇನ್ನು ದುರಸ್ತಿ. ಸೋರುತ್ತಿರುವ ಸಿಲಿಂಡರಿಗೆ ವಾಷರ್ ಕಿಟ್ ಹಾಕಿದರೆ ಸಾಕೇ, ಇಡೀ ಸಿಲಿಂಡರ್ ಬದಲಿಸಬೇಕೇ ಎಂಬುದನ್ನು ತೀರ್ಮಾನಿಸುವುದು ಒಳಗಿನ ಗೋಡೆ. ಪಿಸ್ಟನ್ನನ್ನು ಒಳಗೆ ಹಿಡಿದಿರುವ ಉಂಗುರದಂಥ ಸರ್ಕ್ಲಿಪ್ ಬಿಚ್ಚಿ, ಪಿಸ್ಟನ್ ಹೊರತೆಗೆದು, ಸಿಲಿಂಡರಿನ ಒಳಭಾಗವನ್ನು ಹೊಸ ಬ್ರೇಕ್ ಆಯಿಲ್ ಹಚ್ಚಿದ ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದಾಗ ಅದು ಕನ್ನಡಿಯಂತೆ ಒಂದೇ ಸಮ ಕಾಣಬೇಕು. ವಾಷರ್ ಸಾಮಾನ್ಯವಾಗಿ ನಿಲ್ಲುವ ಜಾಗದಲ್ಲಿ ಬೂದುಬಣ್ಣದ ಉಂಗುರವಾಗಲಿ ಸೂಜಿಮೊನೆಯಂಥ ಗುಳಿಗಳಾಗಲಿ ಇದ್ದು, ಕಿರುಬೆರಳ ಉಗುರನ್ನು ಎಳೆದಾಗ ತಡೆದರೆ, ಆ ಸಿಲಿಂಡರಿಗೆ ಕಿಟ್ ಹಾಕುವುದು ವ್ಯರ್ಥ. ಹೊಸ ರಬ್ಬರು ಅದೇ ಗುಳಿಗಳ ಮೇಲೆ ಓಡಾಡಿ ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಎಮರಿ ಕಾಗದ ಉಜ್ಜಿ ಗುಳಿ ಮಾಯ ಮಾಡುವ ಪದ್ಧತಿ ನಮ್ಮಲ್ಲಿ ಇದೆ, ಎರಕದ ಕಬ್ಬಿಣದ ಸಿಲಿಂಡರಿನಲ್ಲಿ ತೀರ ಮೇಲ್ಮೈಯ ಕಲೆಗೆ ಅದು ನಡೆಯಬಹುದು. ಅಲ್ಯುಮಿನಿಯಂ ಸಿಲಿಂಡರಿನಲ್ಲಿ ಗಟ್ಟಿ ಪದರವೇ ಹೋಗಿ ಅಡಿಯ ಮೆದು ಲೋಹ ತೆರೆದುಕೊಳ್ಳುವುದರಿಂದ ನಾನು ಅದನ್ನು ಒಪ್ಪುವುದಿಲ್ಲ.

ಗೋಡೆ ಚೆನ್ನಾಗಿದ್ದರೆ ಕಿಟ್ ಧಾರಾಳವಾಗಿ ಹಾಕಿಸಿ. ಹಳೆಯ ವಾಷರಿನ ತುಟಿ ಯಾವ ಕಡೆಗೆ ಮುಖ ಮಾಡಿತ್ತು ಎಂಬುದನ್ನು ಬಿಚ್ಚುವಾಗಲೇ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ತುಟಿಯ ತೆರೆದ ಭಾಗ ಒತ್ತಡವಿರುವ ದ್ರವದ ಕಡೆಗೇ ಇರಬೇಕು, ಒತ್ತಡ ಹೆಚ್ಚಿದಷ್ಟೂ ಅದು ಅರಳಿ ಗೋಡೆಗೆ ಅಂಟಿಕೊಳ್ಳಲೆಂದೇ ಆ ಆಕಾರ. ತೊಳೆಯಲು ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಯಾವುದನ್ನೂ ಮುಟ್ಟಿಸಬಾರದು. ಹೊಸ ಬ್ರೇಕ್ ಆಯಿಲಿನಲ್ಲಿ ಅದ್ದಿಯೇ ಜೋಡಿಸಬೇಕು. ಹೊಸ ಸಿಲಿಂಡರ್ ಕೊಳ್ಳುವುದಾದರೆ ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ, ಏಕೆಂದರೆ ನೋಡಲು ಒಂದೇ ರೀತಿಯಿದ್ದರೂ ಒಳವ್ಯಾಸ ಬೇರೆ ಇರುವುದುಂಟು. 5/8 ಅಂಗುಲ ಎಂದರೆ 15.87 ಮಿ.ಮೀ., 3/4 ಅಂಗುಲ ಎಂದರೆ 19.05 ಮಿ.ಮೀ. ಮಾಸ್ಟರಿನ ವ್ಯಾಸ ಹೆಚ್ಚಾದರೆ ಪೆಡಲ್ ಭಾರವಾಗುತ್ತದೆ, ಕಡಿಮೆಯಾದರೆ ಫೋರ್ಕು ಸಾಕಷ್ಟು ಸರಿಯುವುದಿಲ್ಲ. ಕ್ವಾಲಿಸ್ ನಮ್ಮ ಬಿಡದಿಯಲ್ಲೇ ತಯಾರಾದ ಗಾಡಿಯಾದ್ದರಿಂದ ಅದರ ಭಾಗಗಳ ಬಗ್ಗೆ ತಿಳಿದಿರುವ ಅಂಗಡಿಗಳು ರಾಜ್ಯದಲ್ಲಿ ಇಂದಿಗೂ ಇವೆ; ನಿಮ್ಮೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಬಹುದು. ಇಪ್ಪತ್ತು ವರ್ಷ ದಾಟಿದ ರಬ್ಬರು ಸೋರಿದರೆ ಅದನ್ನು ತಯಾರಕರ ದೋಷವೆಂದು ಎಣಿಸಲಾಗದು, ಅದು ವಯಸ್ಸಿನ ಸಹಜ ಗುಣ.

ಒಂದು ಸಿಲಿಂಡರ್ ಸೋರಿದಾಗ ಎರಡನ್ನೂ ಒಟ್ಟಿಗೆ ಮಾಡಿಸುವುದು ಒಳ್ಳೆಯದೆಂಬುದು ನನ್ನ ಅನುಭವ. ಎರಡರ ರಬ್ಬರಿಗೂ ಒಂದೇ ವಯಸ್ಸು, ಎರಡೂ ನೆನೆದಿರುವುದು ಅದೇ ಹಳೆಯ ದ್ರವದಲ್ಲಿ. ನಿಮ್ಮ ಗಾಡಿಯಲ್ಲಿ ಎರಡೂ ಹೊರಗೇ ಇರುವುದರಿಂದ ಗೇರ್ ಬಾಕ್ಸ್ ಇಳಿಸುವ ಪ್ರಸಂಗವೇ ಬರುವುದಿಲ್ಲ.

ಪ್ರಶ್ನೆ: ನನ್ನ ಹಳೆಯ ಜೀಪಿನ ಕ್ಲಚ್ ಪೆಡಲ್ ನಿಧಾನವಾಗಿ ತಾನಾಗಿಯೇ ಕೆಳಕ್ಕೆ ಇಳಿಯುತ್ತದೆ. ಸಿಗ್ನಲಿನಲ್ಲಿ ಮೊದಲ ಗೇರ್ ಹಾಕಿ ತುಳಿದುಕೊಂಡು ನಿಂತರೆ ಅರ್ಧ ನಿಮಿಷದಲ್ಲಿ ಗಾಡಿ ಮುಂದಕ್ಕೆ ತೆವಳಲು ಶುರುವಾಗುತ್ತದೆ. ಆಯಿಲ್ ಮಟ್ಟ ಮಾತ್ರ ಸ್ವಲ್ಪವೂ ಇಳಿದಿಲ್ಲ. ಎಲ್ಲಿಯೂ ಸೋರಿಕೆ ಇಲ್ಲದ ಮೇಲೆ ಇದು ಹೇಗೆ ಸಾಧ್ಯ?
— ಓದುಗರು, ದಾವಣಗೆರೆ

ಉತ್ತರ: ಸೋರಿಕೆ ಇದೆ, ಆದರೆ ಅದು ಒಳಗಿಂದ ಒಳಗೆ. ಮಾಸ್ಟರ್ ಸಿಲಿಂಡರಿನಲ್ಲಿ ಎರಡು ವಾಷರುಗಳಿರುತ್ತವೆ. ಹಿಂದಿನದು ದ್ರವವು ಗಾಡಿಯೊಳಗೆ ಬರದಂತೆ ತಡೆಯುತ್ತದೆ, ಮುಂದಿನದು ಒತ್ತಡವನ್ನು ಹಿಡಿದಿಡುತ್ತದೆ. ಮುಂದಿನದರ ತುಟಿ ಸವೆದರೆ ದ್ರವವು ಅದನ್ನು ದಾಟಿ ಮತ್ತೆ ಡಬ್ಬಿಯ ಕಡೆಗೇ ಮರಳುತ್ತದೆ, ಆದ್ದರಿಂದ ಮಟ್ಟ ಇಳಿಯುವುದಿಲ್ಲ, ಹನಿಯೂ ಕಾಣುವುದಿಲ್ಲ. ಪೆಡಲನ್ನು ಜೋರಾಗಿ ತುಳಿದಾಗ ತುಟಿ ಅರಳಿ ಹಿಡಿಯುತ್ತದೆ, ನಿಧಾನವಾಗಿ ತುಳಿದಾಗ ಕೈಬಿಡುತ್ತದೆ. ಈ ವ್ಯತ್ಯಾಸ ನಿಮ್ಮ ಕಾಲಿಗೇ ಗೊತ್ತಾಗುತ್ತದೆ. ಖಚಿತಪಡಿಸಿಕೊಳ್ಳಲು ರಬ್ಬರ್ ಹೋಸನ್ನು ಅದಕ್ಕೆಂದೇ ಇರುವ ದುಂಡು ಅಂಚಿನ ಕ್ಲಾಂಪಿನಿಂದ ಒತ್ತಿ ಹಿಡಿದು ಪೆಡಲ್ ತುಳಿಯಬೇಕು. ಆಗಲೂ ಪೆಡಲ್ ಇಳಿದರೆ ದೋಷ ಮಾಸ್ಟರಿನದು. ಕಲ್ಲಿನಂತೆ ಗಟ್ಟಿಯಾಗಿ ನಿಂತರೆ ಕೆಳಗಿನ ಭಾಗವನ್ನು ನೋಡಬೇಕು. ಹೋಸು ಬಿರುಕು ಬಿಟ್ಟಿದ್ದರೆ ಈ ಪರೀಕ್ಷೆಯನ್ನು ಅದರ ಮೇಲೆ ಮಾಡಬೇಡಿ, ಮೊದಲು ಹೋಸನ್ನೇ ಬದಲಿಸಿ. ಅಲ್ಲಿಯವರೆಗೆ ಸಿಗ್ನಲಿನಲ್ಲಿ ನ್ಯೂಟ್ರಲಿಗೆ ತಂದು ಹ್ಯಾಂಡ್ ಬ್ರೇಕ್ ಹಾಕಿಯೇ ನಿಲ್ಲಿ, ಮುಂದೆ ಶಾಲೆಯ ಮಕ್ಕಳು ರಸ್ತೆ ದಾಟುತ್ತಿರುವಾಗ ತೆವಳುವ ಗಾಡಿ ಎಷ್ಟು ಅಪಾಯವೆಂದು ವಿವರಿಸಬೇಕಾಗಿಲ್ಲ.

ಪ್ರಶ್ನೆ: ಘಟ್ಟದ ರಸ್ತೆಯಲ್ಲಿ ಕ್ಲಚ್ ಆಯಿಲ್ ಪೂರ್ತಿ ಖಾಲಿಯಾದಾಗ ಲಾರಿ ಚಾಲಕರೊಬ್ಬರು ಇಂಜಿನ್ ಆಯಿಲ್ ಹಾಕಿಕೊಟ್ಟರು, ಊರು ತಲುಪಿದೆ. ಈಗ ಡಬ್ಬಿಯ ಮುಚ್ಚಳದ ರಬ್ಬರು ಉಬ್ಬಿ ಕೂರುತ್ತಲೇ ಇಲ್ಲ. ತೊಳೆದು ಹೊಸ ಬ್ರೇಕ್ ಆಯಿಲ್ ಹಾಕಿದರೆ ಸಾಕೇ?
— ಓದುಗರು, ತೀರ್ಥಹಳ್ಳಿ

ಉತ್ತರ: ಸಾಲದು. ಅವರು ಸಹಾಯ ಮಾಡಿದ್ದು ಒಳ್ಳೆಯ ಮನಸ್ಸಿನಿಂದಲೇ, ಆದರೆ ಈ ವ್ಯವಸ್ಥೆಯ ರಬ್ಬರು ಗ್ಲೈಕಾಲ್ ದ್ರವಕ್ಕೆ ಹೊಂದುವಂಥದ್ದು. ಖನಿಜ ಎಣ್ಣೆ ತಾಗಿದರೆ ಅದು ಎಣ್ಣೆ ಹೀರಿ ಊದಿಕೊಂಡು ಮೆತ್ತಗಾಗುತ್ತದೆ. ಮುಚ್ಚಳದ ರಬ್ಬರಿಗೆ ಆದದ್ದೇ ಕಣ್ಣಿಗೆ ಕಾಣದ ನಾಲ್ಕು ಕಡೆಯೂ ಆಗಿದೆ. ಎರಡೂ ಸಿಲಿಂಡರಿನ ವಾಷರುಗಳು, ಹೋಸು ಮತ್ತು ಮುಚ್ಚಳದ ರಬ್ಬರು ಇಷ್ಟನ್ನೂ ಬದಲಿಸಿ, ಉಕ್ಕಿನ ಪೈಪನ್ನು ಹೊಸ ಬ್ರೇಕ್ ಆಯಿಲಿನಿಂದ ತೊಳೆಸಬೇಕು. ಕೆಲವು ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ ಇರುತ್ತದೆ. ನಿಮ್ಮದೂ ಹಾಗಿದ್ದರೆ ಎಣ್ಣೆ ಬ್ರೇಕಿನೊಳಗೂ ಹೋಗಿದೆ ಎಂದು ತಿಳಿಯಿರಿ. ಆಗ ಗಾಡಿಯನ್ನು ಒಂದು ಕಿಲೋಮೀಟರ್ ಕೂಡ ಓಡಿಸದೆ ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಿರಿ.

ಯಾವ ದ್ರವ ಹಾಕಬೇಕೆಂಬುದನ್ನು ಡಬ್ಬಿಯ ಮುಚ್ಚಳವೇ ಹೇಳುತ್ತದೆ. ನಮ್ಮ ಬಹುತೇಕ ಹಳೆಯ ಕಾರುಗಳಿಗೆ ಡಾಟ್ (DOT) 3 ಅಥವಾ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್. ಇವೆರಡೂ ಒಂದೇ ಕುಲದವು, ಒಂದಕ್ಕೊಂದು ಬೆರೆತರೆ ಹಾನಿಯಿಲ್ಲ. ಹೊಸದಾಗಿದ್ದಾಗ ಡಾಟ್ 3ರ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ಡಾಟ್ 4ರದು ಕನಿಷ್ಠ 230 ಡಿಗ್ರಿ ಇರಬೇಕೆಂಬುದು ನಿಯಮ. ಡಾಟ್ 5 ಮಾತ್ರ ಸಿಲಿಕೋನ್ ದ್ರವ, ಅದನ್ನು ಇವುಗಳೊಂದಿಗೆ ಬೆರೆಸಬಾರದು. ಡಾಟ್ 5.1 ಎಂಬ ಹೆಸರು ಅದನ್ನೇ ಹೋಲುತ್ತದಾದರೂ ಅದು ಗ್ಲೈಕಾಲ್ ಕುಲದ್ದೇ.

ದಾರಿಯಲ್ಲಿ ಕ್ಲಚ್ ಪೂರ್ತಿ ಕೈಕೊಟ್ಟರೆ, ಹಳೆಯ ಗಾಡಿಗಳಲ್ಲಿ ಇಂಜಿನ್ ಆರಿಸಿ ಮೊದಲ ಗೇರ್ ಹಾಕಿ, ಮುಂದೆ ಜಾಗ ಖಾಲಿಯಿದೆಯೆಂದು ಖಾತ್ರಿಪಡಿಸಿಕೊಂಡು, ಸ್ಟಾರ್ಟರ್ ತಿರುಗಿಸಿದರೆ ಗಾಡಿ ಸರಿಯುತ್ತದೆ. ತಿರುವಿನಿಂದ ಅಥವಾ ರೈಲ್ವೆ ಗೇಟಿನಿಂದ ಪಕ್ಕಕ್ಕೆ ಬರಲು ಮಾತ್ರ ಇದನ್ನು ಬಳಸಬೇಕು, ಘಟ್ಟ ಇಳಿಯಲು ಅಲ್ಲ.

ಪ್ರಶ್ನೆ: ಮಾಸ್ಟರ್, ಸ್ಲೇವ್, ಹೋಸು ಮೂರನ್ನೂ ಹೊಸದು ಹಾಕಿಸಿದ್ದೇನೆ. ಎರಡು ಲೀಟರ್ ಬ್ರೇಕ್ ಆಯಿಲ್ ಸುರಿದು ಏರ್ ತೆಗೆದರೂ ಪೆಡಲ್ ಸ್ಪಂಜಿನಂತಿದೆ, ಅರ್ಧಕ್ಕಿಂತ ಕೆಳಗೆ ಬಂದ ಮೇಲೆ ಮಾತ್ರ ಹಿಡಿಯುತ್ತದೆ.
— ಓದುಗರು, ಮೈಸೂರು

ಉತ್ತರ: ಒಂದು ಸಣ್ಣ ಗಾಳಿಗುಳ್ಳೆ ಎಲ್ಲೋ ಎತ್ತರದ ಜಾಗದಲ್ಲಿ ಸಿಕ್ಕಿಕೊಂಡಿದೆ. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ನಿಮ್ಮ ಕಾಲಿನ ಮೊದಲರ್ಧ ಶ್ರಮ ಆ ಗುಳ್ಳೆಯನ್ನು ಹಿಸುಕುವುದರಲ್ಲಿಯೇ ಮುಗಿಯುತ್ತಿದೆ. ಎಷ್ಟು ಲೀಟರ್ ಸುರಿದರೆಂಬುದಕ್ಕಿಂತ ಹೇಗೆ ತೆಗೆದರೆಂಬುದು ಮುಖ್ಯ.

ಮೊದಲು ಸ್ಲೇವಿನ ಮೇಲಿನ ಬ್ಲೀಡಿಂಗ್ ನಿಪ್ಪಲ್, ಅಂದರೆ ಗಾಳಿ ಹೊರಬಿಡುವ ತಿರುಪು, ಎಲ್ಲಿದೆ ನೋಡಿ. ಅದು ಸಿಲಿಂಡರಿನ ಅತಿ ಎತ್ತರದ ಬಿಂದುವಾಗಿರಬೇಕು, ಹೋಸು ಸೇರುವ ಜಾಗ ಅದಕ್ಕಿಂತ ಕೆಳಗಿರಬೇಕು. ಕೆಲವು ಸಿಲಿಂಡರುಗಳಲ್ಲಿ ಎರಡೂ ರಂಧ್ರಗಳ ಅಳತೆ ಒಂದೇ ಆಗಿರುವುದರಿಂದ ಜೋಡಿಸುವವರು ಅದಲು ಬದಲು ಮಾಡಿಬಿಡುವುದುಂಟು. ಹಾಗಾಗಿದ್ದರೆ ಹತ್ತು ಲೀಟರ್ ಸುರಿದರೂ ಮೇಲಿನ ಗಾಳಿ ಹೊರಬರುವುದಿಲ್ಲ.

ನಿಪ್ಪಲ್ ಸರಿಯಾದ ಜಾಗದಲ್ಲಿದ್ದರೆ ಅದಕ್ಕೆ ಪಾರದರ್ಶಕ ಕೊಳವೆ ಹಾಕಿ, ಕೊಳವೆಯ ಇನ್ನೊಂದು ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಒಳಗಿರುವವರು ಪೆಡಲನ್ನು ನಿಧಾನವಾಗಿ ಪೂರ್ತಿ ತುಳಿದು ಹಿಡಿದ ಮೇಲೆ ಕೆಳಗಿರುವವರು ನಿಪ್ಪಲನ್ನು ಅರ್ಧ ಸುತ್ತು ಸಡಿಲಿಸಬೇಕು, ಗುಳ್ಳೆ ಹೋದ ಮೇಲೆ ಬಿಗಿಯಬೇಕು, ಬಿಗಿದಾಯಿತು ಎಂದು ಕೂಗಿದ ನಂತರವೇ ಪೆಡಲ್ ಬಿಡಬೇಕು. ಈ ಕ್ರಮ ಒಂದು ಸಲ ತಪ್ಪಿದರೂ ಹೊರಹೋದ ಗಾಳಿ ವಾಪಸು ಬರುತ್ತದೆ. ಗಡಿಬಿಡಿಯಿಂದ ಪಂಪ್ ಮಾಡಿದರೆ ದೊಡ್ಡ ಗುಳ್ಳೆ ಒಡೆದು ನೊರೆಯಂತಾಗಿ ದ್ರವದ ತುಂಬ ಹರಡಿಕೊಳ್ಳುತ್ತದೆ. ಹಾಗೆ ಆಗಿದ್ದರೆ ಒಂದು ಗಂಟೆ ಸುಮ್ಮನೆ ಬಿಡುವುದೇ ಮದ್ದು. ಈ ನಡುವೆ ಡಬ್ಬಿ ಬರಿದಾಗದಂತೆ ನೋಡಿಕೊಳ್ಳಬೇಕು ಮತ್ತು ಬಾಟಲಿಗೆ ಬಂದ ದ್ರವವನ್ನು ಮತ್ತೆ ಡಬ್ಬಿಗೆ ಹಾಕಬಾರದು.

ಇದರಿಂದಲೂ ಆಗದಿದ್ದರೆ ಕೆಳಗಿನಿಂದ ಮೇಲಕ್ಕೆ ತುಂಬಿ. ಡಬ್ಬಿಯಿಂದ ಸ್ವಲ್ಪ ದ್ರವ ತೆಗೆದು ಜಾಗ ಮಾಡಿ, ಹೊಸ ದೊಡ್ಡ ಸಿರಿಂಜಿನಲ್ಲಿ ಬ್ರೇಕ್ ಆಯಿಲ್ ತುಂಬಿ, ಸಿರಿಂಜಿನ ಮತ್ತು ಕೊಳವೆಯ ಗಾಳಿಯನ್ನು ಮೊದಲೇ ಹೊರಹಾಕಿ, ನಿಪ್ಪಲಿನ ಮೂಲಕ ಮೆಲ್ಲಗೆ ಒತ್ತಬೇಕು. ಗಾಳಿಗೆ ಏರುವುದು ಸ್ವಭಾವ. ಅದನ್ನು ಮೇಲಿನಿಂದ ಕೆಳಕ್ಕೆ ತಳ್ಳುವುದಕ್ಕಿಂತ ಅದರ ದಾರಿಯಲ್ಲೇ ಕಳಿಸುವುದು ಸುಲಭ. ಡಬ್ಬಿಯ ಮೇಲ್ಮೈಯಲ್ಲಿ ಸಾಸಿವೆ ಕಾಳಿನಂಥ ಗುಳ್ಳೆಗಳು ಒಂದೊಂದಾಗಿ ಏಳುವುದನ್ನು ನೀವೇ ಕಾಣುತ್ತೀರಿ.

ಗಾಳಿ ಹೋದ ಮೇಲೂ ಪೆಡಲ್ ಕೆಳಗೇ ಹಿಡಿಯುತ್ತಿದ್ದರೆ ಮಾಸ್ಟರಿನ ತಳ್ಳುವ ಕಡ್ಡಿಯ ಉದ್ದವನ್ನು ನೋಡಬೇಕು. ಕಡ್ಡಿಗೂ ಪಿಸ್ಟನ್ನಿಗೂ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ, ಪೆಡಲಿನ ತುದಿಯಲ್ಲಿ ಕೆಲವೇ ಮಿಲಿಮೀಟರುಗಳಷ್ಟು ಆಟ ಇರಬೇಕು. ಆಟ ಹೆಚ್ಚಾದರೆ ತುಳಿತದ ಒಂದು ಭಾಗ ವ್ಯರ್ಥವಾಗುತ್ತದೆ. ಹಾಗೆಂದು ಆಟವೇ ಇಲ್ಲದಂತೆ ಬಿಗಿಯುವುದು ಇನ್ನೂ ಕೆಟ್ಟದ್ದು. ಪಿಸ್ಟನ್ ಪೂರ್ತಿ ಹಿಂದೆ ಬಾರದೆ ಡಬ್ಬಿಗೆ ಹೋಗುವ ಸೂಕ್ಷ್ಮ ರಂಧ್ರ ಮುಚ್ಚಿಕೊಂಡೇ ಉಳಿಯುತ್ತದೆ, ಇಂಜಿನ್ನಿನ ಬಿಸಿಗೆ ಹಿಗ್ಗಿದ ದ್ರವಕ್ಕೆ ಹೋಗಲು ದಾರಿಯಿಲ್ಲದೆ ಕ್ಲಚ್ಚನ್ನು ತಾನೇ ತುಳಿದಂತಾಗಿ, ಹೊಸ ಪ್ಲೇಟ್ ಸಹ ಜಾರಿ ಸುಡುತ್ತದೆ.

ಪ್ರಶ್ನೆ: ನನ್ನದು ಹದಿನೆಂಟು ವರ್ಷ ಹಳೆಯ ಪೆಟ್ರೋಲ್ ಸೆಡಾನ್. ಸ್ಲೇವ್ ಸಿಲಿಂಡರ್ ಸೋರುತ್ತಿದೆ, ಗೇರ್ ಬಾಕ್ಸ್ ಇಳಿಸಬೇಕು, ಜೊತೆಗೆ ಕ್ಲಚ್ ಪ್ಲೇಟನ್ನೂ ಬದಲಿಸಬೇಕು ಎಂದು ಗ್ಯಾರೇಜಿನವರು ಹೇಳುತ್ತಾರೆ. ಒಂದು ರಬ್ಬರ್ ವಾಷರಿಗೆ ಇಷ್ಟೆಲ್ಲ ಬೇಕೇ? ಮೋಸ ಇರಬಹುದೇ?
— ಓದುಗರು, ಹುಬ್ಬಳ್ಳಿ

ಉತ್ತರ: ಮೋಸವೆಂದು ಅನುಮಾನಿಸುವ ಮೊದಲು ನಿಮ್ಮ ಗಾಡಿಯ ರಚನೆಯನ್ನು ತಿಳಿದುಕೊಳ್ಳಿ. ಬೆಲ್ ಹೌಸಿಂಗಿನ ಹೊರಗೆ ಬೋಲ್ಟುಗಳಿಂದ ಬಿಗಿದ ಸಿಲಿಂಡರಾಗಲಿ ಅದರಿಂದ ಒಳಹೋಗುವ ಫೋರ್ಕಾಗಲಿ ಕಾಣದೆ, ಒಂದು ಪೈಪು ಮಾತ್ರ ನೇರವಾಗಿ ಒಳಗೆ ಹೋಗಿದ್ದರೆ, ಅದರ ಸ್ಲೇವ್ ಗೇರ್ ಬಾಕ್ಸಿನ ಮುಂಬದಿಯ ಶಾಫ್ಟಿನ ಸುತ್ತ ಬಳೆಯಂತೆ ಕುಳಿತಿದೆ, ರಿಲೀಸ್ ಬೇರಿಂಗ್ ಅದರ ಮೈಗೇ ಅಂಟಿಕೊಂಡಿದೆ. ಅದನ್ನು ಮುಟ್ಟಲು ಗೇರ್ ಬಾಕ್ಸ್ ಇಳಿಸದೆ ಬೇರೆ ದಾರಿಯಿಲ್ಲ. ಬೆಲ್ ಹೌಸಿಂಗಿನ ತಳದ ಸಂದಿನಿಂದ ಬಿದ್ದ ಹನಿಯನ್ನು ಮೇಲೆ ಹೇಳಿದಂತೆ ನೀರಿನ ಲೋಟಕ್ಕೆ ಹಾಕಿ, ಬೆರೆತರೆ ಅವರ ಮಾತು ನಿಜ.

ಇಂಥ ಗಾಡಿಯಲ್ಲಿ ದೊಡ್ಡ ಖರ್ಚು ಇಳಿಸಿ ಏರಿಸುವ ಕೂಲಿ. ಆದ್ದರಿಂದ ಒಮ್ಮೆ ತೆರೆದಾಗ ಪ್ಲೇಟ್, ಪ್ರೆಶರ್ ಪ್ಲೇಟ್, ಇಂಜಿನ್ನಿನ ಹಿಂಬದಿಯ ಸೀಲ್ ಮೂರನ್ನೂ ಪರೀಕ್ಷಿಸಿ ನಿರ್ಧರಿಸುವುದು ನ್ಯಾಯವೇ. ಬ್ರೇಕ್ ಆಯಿಲ್ ನೆನೆದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಿದರೆ ಒಳಗೆ ಇಂಗಿದ್ದು ಬಿಸಿಗೆ ಹೊರಬಂದು ಕ್ಲಚ್ ಅದುರುತ್ತದೆ, ಜಾರುತ್ತದೆ, ನೆನೆದಿದ್ದರೆ ಬದಲಿಸಲೇಬೇಕು. ನೆನೆಯದೆ, ದಪ್ಪವೂ ಸಾಕಷ್ಟಿದ್ದರೆ ಉಳಿಸಿಕೊಳ್ಳಬಹುದು. ಬಿಚ್ಚಿದ ದಿನ ನೀವೇ ಹೋಗಿ ನೋಡುತ್ತೇನೆಂದು ಮೊದಲೇ ತಿಳಿಸಿ, ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಗೇರ್ ಬಾಕ್ಸ್ ಕೂರಿಸಿ ಬಿಗಿಯುವ ಮೊದಲು ಯಾರೂ ಪೆಡಲ್ ತುಳಿಯದಂತೆ ಎಚ್ಚರ ವಹಿಸಬೇಕು, ಎದುರಿಗೆ ತಡೆಯಿಲ್ಲದ ಹೊಸ ಸ್ಲೇವ್ ಒಂದೇ ತುಳಿತಕ್ಕೆ ಹೊರಚಿಮ್ಮಿ ಹಾಳಾಗುತ್ತದೆ.

ಪ್ರಶ್ನೆ: ನಾನು ಮಸ್ಕತ್‌ನಲ್ಲಿದ್ದೇನೆ. ಉಡುಪಿಯ ಮನೆಯಲ್ಲಿರುವ ಹಳೆಯ ಕಾರು ವರ್ಷದಲ್ಲಿ ಹತ್ತು ತಿಂಗಳು ನಿಂತೇ ಇರುತ್ತದೆ. ಪ್ರತಿ ಸಲ ಊರಿಗೆ ಬಂದಾಗ ಕ್ಲಚ್ ಸೋರಿರುತ್ತದೆ. ಓಡಿಸದ ಗಾಡಿಯಲ್ಲಿ ಸವೆತ ಹೇಗೆ ಆಗುತ್ತದೆ?
— ಓದುಗರು, ಮಸ್ಕತ್

ಉತ್ತರ: ಅದು ಸವೆತವಲ್ಲ, ತುಕ್ಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಹೀರಿದ ನೀರು ಶೇಕಡ 3.7ರಷ್ಟಾದಾಗ ಅದರ ಕುದಿಬಿಂದು ಎಷ್ಟಿರಬೇಕೆಂದು ಡಾಟ್ ನಿಯಮದಲ್ಲೇ ಬೇರೆಯಾಗಿ ನಮೂದಿಸುವಷ್ಟು ಇದು ಸಹಜವಾದ ಗುಣ. ಆ ನೀರು ಪಿಸ್ಟನ್ ನಿಂತ ಜಾಗದಲ್ಲೇ ತಿಂಗಳುಗಟ್ಟಲೆ ನಿಂತು ಗೋಡೆಯನ್ನು ಕೊರೆಯುತ್ತದೆ. ನೀವು ಬಂದು ಮೊದಲ ಸಲ ಪೆಡಲ್ ತುಳಿದಾಗ ಒಣಗಿದ ವಾಷರ್ ಆ ಒರಟು ಉಂಗುರದ ಮೇಲೆ ಎಳೆದು ಹರಿಯುತ್ತದೆ. ಹೊಸ ಸಿಲಿಂಡರ್ ಹಾಕಿಸಿದ ಮೇಲೆ, ಊರು ಬಿಡುವ ವಾರದಲ್ಲಿ, ಆಗಷ್ಟೇ ತೆರೆದ ಡಬ್ಬದಿಂದ ದ್ರವವನ್ನು ಪೂರ್ತಿ ಬದಲಿಸಿ. ಎರಡು ವರ್ಷಕ್ಕೊಮ್ಮೆ ಎಂಬ ಸಾಮಾನ್ಯ ಲೆಕ್ಕ ನಿಮಗೆ ಸಾಲದು, ವರ್ಷಕ್ಕೊಮ್ಮೆ ಇಟ್ಟುಕೊಳ್ಳಿ. ಅರ್ಧ ಉಳಿದ ಡಬ್ಬವನ್ನು ಮುಂದಿನ ವರ್ಷಕ್ಕೆಂದು ಕಪಾಟಿನಲ್ಲಿ ಇಡಬೇಡಿ, ಅದೂ ಅಷ್ಟೇ ತೇವ ಹೀರಿರುತ್ತದೆ. ಮನೆಯಲ್ಲಿರುವವರಿಗೆ ಗಾಡಿ ಓಡಿಸಲು ಬಾರದಿದ್ದರೂ ಪರವಾಗಿಲ್ಲ. ವಾರಕ್ಕೊಮ್ಮೆ ಬಾಗಿಲು ತೆರೆದು ಕುಳಿತು, ಕೀಲಿ ಹಾಕದೆಯೇ, ಕ್ಲಚ್ ಮತ್ತು ಬ್ರೇಕ್ ಪೆಡಲುಗಳನ್ನು ನಿಧಾನವಾಗಿ ಹತ್ತು ಸಲ ಪೂರ್ತಿ ತುಳಿದು ಬಿಡಲಿ, ಎದ್ದು ಬರುವಾಗ ಮ್ಯಾಟ್ ಎತ್ತಿ ಕೈಯಾಡಿಸಿ ತೇವವಿದೆಯೇ ಎಂದು ನೋಡಲಿ.